ಲಾಂಡ್ರಿ ಪಕ್ಕದ ಹೋಟೆಲಿಗೆ ಮೂರೆಲೆ

ಮೊದಲ ದಿನವೇ ನಾನು ಬೇರೆಯವರ ಗಂಡನ ಎದುರು ಹೋಗಿ ಕುಳಿತೆ.

ಹೆಡ್‌ಮಿಸ್ ಹೇಳಿಕೊಟ್ಟಿದ್ದು ಇಷ್ಟೇ. "ಕಿಟಕಿ ಪಕ್ಕದ ಟೇಬಲ್ಲು, ನೀಲಿ ಶರ್ಟು. ಸೀದಾ ಹೋಗಿ ಕೂತು, 'ಏನ್ರೀ, ಬಂದು ತುಂಬ ಹೊತ್ತಾಯ್ತಾ' ಅನ್ನಿ. ನೋಡಿದವರಿಗೆ ಗಂಡ ಹೆಂಡತಿ ಅನ್ನಿಸಬೇಕು."

ಕಿಟಕಿ ಪಕ್ಕದಲ್ಲಿ ನೀಲಿ ಶರ್ಟಿನವರೊಬ್ಬರು ಸೂಪು ಕುಡಿಯುತ್ತಿದ್ದರು. ಎದುರಿಗೆ ಕುಳಿತು, ಹೇಳಬೇಕಾದ್ದನ್ನು ಹೇಳಿದೆ.

"ಇಲ್ಲ, ಈಗಷ್ಟೇ" ಎಂದರು ಅವರು, ತಲೆಯೆತ್ತದೆ. ಆಮೇಲೆ ಎತ್ತಿದರು.

ಅಷ್ಟರಲ್ಲಿ ಅವರ ಹೆಂಡತಿ ಕೈ ತೊಳೆದುಕೊಂಡು ಬಂದರು.

"ಯಾರ್ರೀ ಇವರು?"

"ನನಗೇನು ಗೊತ್ತು?"

"ಗೊತ್ತಿಲ್ಲದವರು ಬಂದು ಏನ್ರೀ ಅಂತಾರಾ?"

ನಾನು ಎದ್ದು ಕ್ಷಮೆ ಕೇಳಿದೆ. ಹಿಂದಿನ ಕಿಟಕಿಯ ಹತ್ತಿರ ಇನ್ನೊಂದು ನೀಲಿ ಶರ್ಟು ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡಿತ್ತು. ಕಾರ್ಡು ಅಲ್ಲಾಡುತ್ತಿತ್ತು.

ಹೋಗಿ ಅಲ್ಲಿ ಕುಳಿತೆ. ಎರಡನೆಯ ಸಲ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ನಾನು 'ಏನ್ರೀ' ಎಂದು ಕರೆಯುತ್ತಿದ್ದವರು ಹೋಗಿ ಆಗಿನ್ನೂ ವರ್ಷವಾಗಿರಲಿಲ್ಲ.

ಕಾರ್ಡು ನಿಧಾನವಾಗಿ ಕೆಳಗಿಳಿಯಿತು. ಅವನ ಕಣ್ಣಲ್ಲಿ ನಕ್ಕು ಬಂದ ನೀರಿತ್ತು.

"ಏನೇ ಇದು? ಕಾಲಿಟ್ಟ ದಿನಾನೇ ಗಂಡನ್ನ ಬದಲಾಯಿಸೋದಾ?"

"ಆರ್ಡರ್ ಕೊಟ್ಟಾಯ್ತಾ?" ಎಂದಷ್ಟೇ ಕೇಳಿದೆ.

ಹೆಡ್‌ಮಿಸ್ ನಮ್ಮ ಸಂಪಾದಕಿ. ಹಿಂದೆ ಶಾಲೆಯಲ್ಲಿದ್ದವರು, ಆಫೀಸನ್ನೂ ಹಾಗೆಯೇ ನಡೆಸುತ್ತಿದ್ದರು. ಈ ದೊಡ್ಡ ಊರಿನಲ್ಲಿ ಮಾಂಸ ತಿನ್ನದವರು ನಂಬಿ ಊಟ ಮಾಡಬಹುದಾದ ಹೋಟೆಲುಗಳನ್ನು ಹುಡುಕಿ, ಪರೀಕ್ಷಿಸಿ, ವೆಬ್‌ಸೈಟಿನಲ್ಲಿ ಬರೆಯುವುದು ನಮ್ಮ ಕೆಲಸ. ತಿನ್ನಬಹುದಾದರೆ ಒಂದೆಲೆ. ಚೆನ್ನಾಗಿದ್ದರೆ ಎರಡೆಲೆ. ದೂರದಿಂದಲಾದರೂ ಹುಡುಕಿಕೊಂಡು ಹೋಗಬೇಕಾದ್ದಕ್ಕೆ ಮೂರೆಲೆ. ಒಬ್ಬಳೇ ಕುಳಿತು ಎಲ್ಲದರಲ್ಲೂ ಒಂದೊಂದು ಚಮಚ ತಿನ್ನುವ ಹೆಂಗಸನ್ನು ಹೋಟೆಲಿನವರು ಬೇಗ ಗುರುತು ಹಿಡಿಯುತ್ತಾರೆ. ಗಂಡ ಹೆಂಡತಿಯನ್ನು ಯಾರೂ ನೋಡುವುದಿಲ್ಲ. ಅದಕ್ಕೇ ಜೋಡಿ. ಅವನು ಫೋಟೋ ತೆಗೆಯುತ್ತಿದ್ದ, ನಾನು ಬರೆಯುತ್ತಿದ್ದೆ. ಆಫೀಸಿನಲ್ಲಿ ಅವನಿಗೆ ಕ್ಯಾಮೆರಾ ಎಂದೇ ಹೆಸರು.

ಕಟ್ಟುಪಾಡುಗಳಿದ್ದವು. ಹೋಟೆಲಿನೊಳಗೆ ರುಚಿಯ ಮಾತು ಎತ್ತಕೂಡದು. ಹೊರಗೆ ಬಂದ ಮೇಲೂ, ನಾನು ಬರೆದು ಕೊಡುವವರೆಗೆ, ಅವನು ಬಾಯಿ ಬಿಡಕೂಡದು. "ಒಂದು ನಾಲಿಗೆ, ಒಂದು ತೀರ್ಪು" ಎನ್ನುತ್ತಿದ್ದರು ಹೆಡ್‌ಮಿಸ್. ಒಮ್ಮೆ ಹೋದ ಹೋಟೆಲಿಗೆ ಮತ್ತೆ ಹೋಗಕೂಡದು.

ಒಂದು ತೊಂದರೆಯಿತ್ತು. ನನಗೆ ರುಚಿ ಗೊತ್ತಾಗುತ್ತಿರಲಿಲ್ಲ.

ಗಂಡ ಆಸ್ಪತ್ರೆಯಲ್ಲಿದ್ದಷ್ಟು ದಿನ ಗೊತ್ತಾಗುತ್ತಿತ್ತು. ಎಲ್ಲ ಮುಗಿದು ಮನೆಗೆ ಬಂದು ಕುಡಿದ ಕಾಫಿ ಬಿಸಿಯಾಗಿತ್ತು, ಅಷ್ಟೇ. ಡಾಕ್ಟರು ಮೂಗು ನೋಡಿದರು, ನಾಲಿಗೆ ನೋಡಿದರು. "ಏನೂ ಆಗಿಲ್ಲ. ತಾನಾಗಿ ಬರುತ್ತೆ" ಎಂದರು. ನಾನು ಕಾಯಲಿಲ್ಲ. ಹೋಗಿದ್ದು ಅದೊಂದೇ ಅಲ್ಲವಲ್ಲ.

ಆದರೆ ಕೆಲಸ ಬೇಕಿತ್ತು. ಮನೆಯಲ್ಲಿ ನಾನು ಮತ್ತು ಅತ್ತೆ. ಎಂ.ಎ. ಮಾಡಿದ್ದೆ, ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತಿತ್ತು. ರುಚಿಯನ್ನು ಅವನ ಮುಖದಿಂದ ತೆಗೆದುಕೊಂಡೆ.

ಏನನ್ನೂ ಬಚ್ಚಿಡಲು ಬಾರದ ಮುಖ ಅವನದು. ಉಪ್ಪು ಹೆಚ್ಚಾದರೆ ಎಡ ಹುಬ್ಬು ಮೇಲೇರುತ್ತಿತ್ತು. ಎಣ್ಣೆ ಹಳೆಯದಾಗಿದ್ದರೆ ನಾಲಿಗೆಯ ತುದಿ ಹಲ್ಲಿನ ಹಿಂದೆ ಏನನ್ನೋ ಹುಡುಕುತ್ತಿತ್ತು. ಬೇಯದೇ ಇದ್ದರೆ ಇಂಗು ತಿಂದ ಮಂಗನ ಹಾಗೆ ಕೂರುತ್ತಿದ್ದ. ತೀರ ಕೆಟ್ಟದಾದರೆ "ಕರ್ಟನ್ ಚೆನ್ನಾಗಿದೆ ಅಲ್ವೇನೇ" ಎನ್ನುತ್ತಿದ್ದ. ಕಟ್ಟುಪಾಡು ಮುರಿಯದೆ ಬೈಯುವುದಕ್ಕೆ ಅದು ಅವನ ಉಪಾಯ. ಚೆನ್ನಾಗಿದ್ದರೆ ಮಾತು ನಿಲ್ಲುತ್ತಿತ್ತು. ಕೆನ್ನೆ ಸಡಿಲವಾಗಿ, ಕಣ್ಣಿನ ಮೂಲೆಯಲ್ಲಿ ಗೆರೆ ಮೂಡಿ, ಮುಖದಲ್ಲಿ ದೀಪ ಹಚ್ಚಿದ ಹಾಗೆ ಆಗುತ್ತಿತ್ತು.

ನಾನು ಅದನ್ನೆಲ್ಲ ಬಿಡದೆ ನೋಡುತ್ತಿದ್ದೆ. ಹಾಗೆ ನೋಡುವ ಹೆಂಗಸಿನ ಎದುರು ಕುಳಿತವನಿಗೆ ಏನನ್ನಿಸಬಹುದು ಎಂದು ಯೋಚಿಸಲಿಲ್ಲ.

ಒಳ್ಳೆಯ ಹೋಟೆಲು ಸುಲಭಕ್ಕೆ ಸಿಗುತ್ತಿರಲಿಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿ, ಪಾರ್ಕಿಂಗಿನ ಹಿಂದಿನ ನೆಲಮಾಳಿಗೆ, ಕನ್ನಡಕದ ಅಂಗಡಿಯ ಒಳಗಿಂದ ಹಾದು ಹೋಗಬೇಕಾದ ಒಂದು ಕೋಣೆ. ಬೋರ್ಡಿನ ತುಂಬ ಹಸಿರು ಬಣ್ಣ ಬಳಿದಿದ್ದ ಒಂದು ಕಡೆ ನಾನು ಎಂದಿನ ಪ್ರಶ್ನೆ ಕೇಳಿದೆ.

"ಸೂಪಿನ ನೀರು ಯಾವುದರದ್ದು?"

"ತರಕಾರಿದೇ ಮೇಡಂ" ಎಂದ ವೇಟರ್. "ರುಚಿಗೆ ಅಂತ ಸ್ವಲ್ಪ ಮೂಳೆ ಹಾಕಿರ್ತೀವಿ. ಮಾಂಸ ಮಾತ್ರ ಇಲ್ಲವೇ ಇಲ್ಲ."

"ಅಳಿಯ ಅಲ್ಲ, ಮಗಳ ಗಂಡ" ಎಂದ ಕ್ಯಾಮೆರಾ.

"ಯಾರು ಸಾರ್?"

"ಯಾರೂ ಇಲ್ಲಪ್ಪ. ನೀರು ಕೊಡು."

ಒಳಗೆ ನಾನು ಅವನಿಗೆ 'ಕಣೇ', 'ಏನೇ'. ಬಾಗಿಲು ದಾಟಿ ಹೊರಗೆ ಬಂದರೆ 'ಮೇಡಂ'. ಹೊಸಿಲಿನ ಮೇಲೆಯೇ ಬದಲಾಯಿಸುತ್ತಿದ್ದ. ಒಳಗಿನ ಕಾಲಲ್ಲಿ "ಬಾರೇ ಬೇಗ" ಎಂದು, ಹೊರಗಿನ ಕಾಲಲ್ಲಿ "ಮೇಡಂ, ನಿಮ್ಮ ಬಸ್ಸು ಅಲ್ಲಿ ಬರುತ್ತೆ" ಎನ್ನುತ್ತಿದ್ದ. ನಾನು ಒಳಗೂ ಹೊರಗೂ 'ನೋಡಿ', 'ಇಲ್ಲಿ ಕೇಳಿ' ಎಂದು ಸಾಗಿಸಿದೆ. ಆ ಇನ್ನೊಂದು ಮಾತು ಬರಲೇ ಇಲ್ಲ.

"ಗಂಡನಿಗೆ ಇಲ್ಲಿ ಕೇಳಿ ಅಂತಾರಾ ಯಾರಾದ್ರೂ?" ಎಂದು ಒಮ್ಮೆ ಕೇಳಿದ. "ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತ ಹಾಗಾಗುತ್ತೆ ನಂಗೆ."

"ಹಾಗೆ ಕರೆಯೋರೂ ಇದ್ದಾರೆ."

"ಸರಿ ಬಿಡು. ನನ್ನ ಹಣೆಬರಹಕ್ಕೆ ಸ್ಟಾಂಪ್ ಆದ್ರೂ ಹೊಡಿ."

ನನ್ನ ಗಂಡ ಹೋದ ವಿಷಯ ಅವನಿಗೆ ಗೊತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಅವನು ಏನೂ ಕೇಳಲಿಲ್ಲ. ಊಟದ ತಟ್ಟೆ ಬಂದಾಗ ಮಾತ್ರ, ನನಗೆ ಗೊತ್ತಾಗದ ಹಾಗೆ, ಬಿಸಿ ಇದ್ದದ್ದನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಿದ್ದ. ನನಗೆ ಗೊತ್ತಾಗುತ್ತಿತ್ತು.

ಸಂಜೆ ಮನೆಗೆ ಹೋದರೆ ಅತ್ತೆ ಅಡುಗೆ ಮಾಡಿರುತ್ತಿದ್ದರು. ಮಗ ಹೋದ ಮೇಲೆ ಅವರ ಮಾತೂ ಕಡಿಮೆಯಾಗಿತ್ತು. ಬಡಿಸಿ, ಒಲೆಯ ಕಡೆ ತಿರುಗಿ, ದಿನವೂ ಅದೊಂದನ್ನು ಕೇಳುತ್ತಿದ್ದರು.

"ಉಪ್ಪು ಸರಿಯಿದೆಯಾ?"

"ಸರಿಯಿದೆ ಅತ್ತೆ."

ಅಷ್ಟಕ್ಕೆ ನಮ್ಮ ಸಂಸಾರದ ಮಾತು ಮುಗಿಯುತ್ತಿತ್ತು.

ಲಾಂಡ್ರಿ ಪಕ್ಕದ ಹೋಟೆಲಿಗೆ ಹೋಗಿದ್ದು ಒಂದು ಮಧ್ಯಾಹ್ನ. ನಾಲ್ಕೇ ಟೇಬಲ್ಲು. ಗೋಡೆಯ ಆ ಕಡೆ ಬಟ್ಟೆ ಒಗೆಯುವ ಮಿಷನ್ನುಗಳು ತಿರುಗುತ್ತಿದ್ದುದರಿಂದ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಕಿಟಕಿಯಿಂದ ಇಸ್ತ್ರಿಯ ಉಗಿ ಒಳಗೆ ಬರುತ್ತಿತ್ತು. ಅವನು ಸೂಪಿನ ಫೋಟೋ ತೆಗೆಯಲು ಹೋದ. ಲೆನ್ಸಿನ ಮೇಲೆ ಉಗಿ ಕೂತಿತು. ಒರೆಸಿದ. ಮತ್ತೆ ಕೂತಿತು.

"ಮೋಡ ಕವಿದಿದೆ ಕಣೇ. ಇವತ್ತು ಸೂರ್ಯ ಕಾಣಲ್ಲ."

ಅವನ ಮೂಗಿನ ತುದಿಯಲ್ಲೂ ಒಂದು ಹನಿ ನಿಂತಿತ್ತು. ಬೀಳುವ ಹಾಗಿತ್ತು, ಬೀಳುತ್ತಿರಲಿಲ್ಲ. ನಾನು ಕರ್ಚೀಫು ತೆಗೆದು ಮುಂದೆ ಹಿಡಿದೆ.

"ಏನ್ರೀ, ಮೊದಲು ಮೂಗು ಒರೆಸ್ಕೊಳ್ಳಿ."

ಹೇಳಿದ್ದು ನನಗೆ ಆಮೇಲೆ ಕೇಳಿಸಿತು. ಅವನಿಗೆ ಆಗಲೇ ಕೇಳಿಸಿತ್ತು. ಕರ್ಚೀಫು ತೆಗೆದುಕೊಂಡ. ಮೂಗು ಒರೆಸಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಸೂಪು ಕುಡಿದ.

ಆ ಊಟದುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಹುಬ್ಬು ಏರಲಿಲ್ಲ. ಕರ್ಟನ್ ಹೊಗಳಲಿಲ್ಲ. ಸೂಪಿಗೆ, ಬದನೆಕಾಯಿಗೆ, ಅನ್ನಕ್ಕೆ, ಕೊನೆಗೆ ಬಂದ ಒಣ ಬ್ರೆಡ್ಡಿಗೆ, ಎಲ್ಲದಕ್ಕೂ ಅದೇ ದೀಪ. ಅಷ್ಟು ಬೆಳಗಿದ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಗೆ ಹೋಗಿ ಬರೆದೆ. 'ಇಸ್ತ್ರಿಯ ಉಗಿಯಲ್ಲಿ ಅರ್ಧ ಮುಚ್ಚಿಹೋದ ಈ ಪುಟ್ಟ ಹೋಟೆಲಿಗೆ ಒಮ್ಮೆ ಹೋದವರಿಗೆ ಎದ್ದು ಬರಲು ಮನಸ್ಸಾಗುವುದಿಲ್ಲ.' ಮೂರೆಲೆ ಕೊಟ್ಟೆ.

ಅದು ವೆಬ್‌ಸೈಟಿನಲ್ಲಿ ಬಂದ ದಿನ ಅವನು ನನ್ನ ಮೇಜಿನ ಹತ್ತಿರ ಬಂದು, ಏನೋ ಹೇಳಲು ಹೋಗಿ, "ಒಗೆದು ತಂದಿದ್ದೀನಿ" ಎಂದು ಕರ್ಚೀಫು ಇಟ್ಟು ಹೋದ. ಇಸ್ತ್ರಿ ಮಾಡಿತ್ತು.

ವಾರದೊಳಗೆ ಓದುಗರ ಬೈಗುಳ ಶುರುವಾಯಿತು. 'ಮೂರೆಲೆ ಕೊಟ್ಟವರು ಆ ಎಲೆಗಳನ್ನೇ ತಿಂದು ಬಂದಿರಬೇಕು' ಎಂದು ಒಬ್ಬರು ಬರೆದಿದ್ದರು. 'ಎದ್ದು ಬರಲು ಮನಸ್ಸಾಗುವುದಿಲ್ಲ ಅಂದದ್ದು ನಿಜ, ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು' ಎಂದು ಇನ್ನೊಬ್ಬರು.

ಹೆಡ್‌ಮಿಸ್ ಇಬ್ಬರನ್ನೂ ಕರೆದು ನಿಲ್ಲಿಸಿದರು.

"ಏನಮ್ಮಾ ಇದು? ಏನು ತಿಂದ್ರಿ ಅವತ್ತು?"

ನಾನು ಅವನ ಕಡೆ ನೋಡಿದೆ.

"ಕ್ಯಾಮೆರಾ, ನೀವೂ ತಿಂದ್ರಲ್ಲ?"

"ನನಗೆ ಮೂರೆಲೆ ಸರಿ ಅನ್ನಿಸ್ತು ಮಿಸ್" ಎಂದ, ನನ್ನನ್ನು ನೋಡುತ್ತ.

"ಇನ್ನೊಂದು ಸಲ ಹೋಗಿ ಬನ್ನಿ. ನಿಯಮ ಮುರೀತಾ ಇದ್ದೀನಿ, ನೆನಪಿರಲಿ. ಹಾಗೇ ನೀವು, ಕ್ಯಾಮೆರಾ, ಹೋದ ತಿಂಗಳು ಕೇಳಿದ್ದೆನಲ್ಲ, ಆ ಇನ್ನೊಂದು ಊರಿನ ಕೆಲಸಕ್ಕೆ ಹೋಗ್ತೀರೋ ಇಲ್ಲವೋ ಹೇಳ್ಬಿಡಿ. ಹೋದ್ರೆ ಎರಡು ವರ್ಷ ಅಲ್ಲೇ. ಇಲ್ಲಾಂದ್ರೆ ಬೇರೆಯವರನ್ನ ಕಳಿಸ್ತೀನಿ."

"ಅಲ್ಲಿ ಊಟ ಮಾಡಿ ಬಂದು ಹೇಳ್ತೀನಿ ಮಿಸ್."

ಮತ್ತೆ ಅದೇ ಟೇಬಲ್ಲು, ಅದೇ ನಡುಗುವ ಲೋಟ. ಸೂಪು ಬಂತು. ನಾನು ಅವನ ಮುಖ ನೋಡಿದೆ. ಅದೇ ದೀಪ.

ಕಟ್ಟುಪಾಡು ಆಗಲೇ ಮುರಿದಿತ್ತು. ಹಾಗಾಗಿ ಹೇಳಿದೆ. "ಚೆನ್ನಾಗೇ ಇದೆಯಲ್ಲ. ಜನಕ್ಕೇನು ಕಷ್ಟ?"

ಅವನು ಚಮಚ ಕೆಳಗಿಟ್ಟ.

"ತಮಾಷೆ ಮಾಡ್ತಿದ್ದೀರಾ?"

ಒಳಗೆ ಕುಳಿತು ಅವನು ನನಗೆ ಬಹುವಚನ ಹೇಳಿದ್ದು ಅದೇ ಮೊದಲು.

"ಯಾಕೆ?"

"ತಳ ಹತ್ತಿ ಕಹಿಯಾಗಿದೆ. ವಿಷದ ಹಾಗಿದೆ. ಬಾಯಿಗೆ ಹಾಕ್ಕೊಂಡ್ರಾ ನೀವು?"

"ಹಾಗಾದ್ರೆ ಹೋದ ಸಲ?"

"ಹೋದ ಸಲಾನೂ ಇಷ್ಟೇ." ಅವನು ಸ್ವಲ್ಪ ಹೊತ್ತು ಲೋಟ ನೋಡಿದ. "ಅವತ್ತು ನಾನು ಊಟ ನೋಡಲಿಲ್ಲ. ನೀವು ಏನ್ರೀ ಅಂದ್ರಿ. ಆಮೇಲೆ ನಾನು ಏನು ತಿಂದೆನೋ ನನಗೇ ಗೊತ್ತಿಲ್ಲ."

ಗೋಡೆಯ ಆ ಕಡೆ ಮಿಷನ್ನು ನಿಂತಿತು.

"ನೀವು ಮೂರೆಲೆ ಕೊಟ್ಟಾಗ ಏನಂದ್ಕೊಂಡೆ ಗೊತ್ತಾ?" ಎಂದ. "ನಿಮಗೂ ಅವತ್ತು ಊಟ ಕಾಣಿಸಿಲ್ಲ ಅಂದ್ಕೊಂಡೆ. ಎದ್ದು ಬರೋಕೆ ಮನಸ್ಸಾಗಲ್ಲ ಅಂತ ಬರೆದಿದ್ರಲ್ಲ. ನಾನು ಅದನ್ನ... ಎಷ್ಟು ಸಲ ಓದಿದ್ದೀನೋ."

ಸುಳ್ಳು ಹೇಳಲು ದಾರಿ ಇರಲಿಲ್ಲ. ಕಾಫಿಯ ವಿಷಯ ಹೇಳಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಹುಬ್ಬು, ನಾಲಿಗೆಯ ತುದಿ, ಕರ್ಟನ್, ಕಣ್ಣಿನ ಮೂಲೆಯ ಗೆರೆ, ಎಲ್ಲ ಹೇಳಿದೆ.

ಅವನು ಕೇಳಿಸಿಕೊಂಡ. ಆಮೇಲೆ ನಗಲು ಪ್ರಯತ್ನಿಸಿದ.

"ಅಂದ್ರೆ ಇಷ್ಟು ದಿನ ನೀವು ತಿಂದಿದ್ದು ನನ್ನ ಮುಖಾನಾ?"

"ಹೂಂ."

"ನಾನು ಬೇರೆ ಏನೋ ತಿಳ್ಕೊಂಡಿದ್ದೆ. ಯಾರೂ ನನ್ನ ಹಾಗೆ ನೋಡಿರಲಿಲ್ಲ." ಮೂಗು ಉಜ್ಜಿಕೊಂಡ. "ಎಷ್ಟೆಲೆ ಬಂತು ಮುಖಕ್ಕೆ?"

ನಾನು ಬಿಲ್ಲಿಗೆ ಕೈ ಎತ್ತಿದೆ. ಉತ್ತರವಿತ್ತೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ಹೊರಗೆ ಬಂದೆವು. ಹೊಸಿಲು ದಾಟಿದ ಮೇಲೂ ಅವನು ಅಲ್ಲೇ ನಿಂತ.

"ನಾನು ಆ ಊರಿಗೆ ಹೋಗಲಾ?"

"ಒಳ್ಳೆ ಅವಕಾಶ. ಹೋಗಿ."

"ಅದನ್ನ ಕೇಳಲಿಲ್ಲ ನಾನು. ನಿಮಗೆ ಏನನ್ನಿಸುತ್ತೆ?"

"ನಿಮಗೆ ಒಳ್ಳೇದಾಗ್ಲಿ ಅನ್ನಿಸುತ್ತೆ."

"ನೋಡಿ, ಇದೂ ಚೆನ್ನಾಗಿದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಎಲ್ಲರಿಗೂ ಅವರಿಗೆ ಬೇಕಾದ್ದನ್ನೇ ಹೇಳ್ತೀರಿ, ಮುಖ ನೋಡ್ಕೊಂಡು. ನನಗೆ ಒಂದು ನಿಜ ಹೇಳಿ. ಚೆನ್ನಾಗಿಲ್ಲದಿದ್ರೂ ಸರಿ. ಅಷ್ಟು ಸಿಕ್ಕಿದ್ರೆ ಎಲ್ಲಿಗೂ ಹೋಗಲ್ಲ. ಎಷ್ಟು ದಿನ ಆಗುತ್ತೋ ಆಗಲಿ, ಕಾಯ್ತೀನಿ."

ನಾನು ಅವನ ಮುಖ ನೋಡಿದೆ, ಏನು ಹೇಳಬೇಕೆಂದು ತಿಳಿಯಲು. ಅವನು ಅದನ್ನು ಗಮನಿಸಿ ಕಣ್ಣು ಕೆಳಗೆ ಹಾಕಿದ.

ಲಾಂಡ್ರಿ ಪಕ್ಕದ ಹೋಟೆಲಿನ ಮೂರೆಲೆಯನ್ನು ತೆಗೆದುಹಾಕಿದೆ. 'ಸೂಪು ತಳ ಹತ್ತಿರುತ್ತದೆ' ಎಂದು ಬರೆದೆ. ಅದೂ ಅವನ ಮಾತೇ.

ಅವನು ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಯಾಕೆ ಹೋದೆ ಎಂದು ಅವನು ಕೇಳಲಿಲ್ಲ. ಭುಜದ ಮೇಲೆ ಚೀಲ, ಕೊರಳಲ್ಲಿ ಕ್ಯಾಮೆರಾ, ಮೊದಲ ದಿನದ ನೀಲಿ ಶರ್ಟು.

"ಈ ಸಲ ಸರಿಯಾದ ಶರ್ಟಿನ ಹತ್ತಿರಾನೇ ಬಂದ್ರಿ" ಎಂದ.

"ಅಭ್ಯಾಸ ಆಗಿದೆ."

ಹಣ್ಣಿನ ಗಾಡಿಯಲ್ಲಿ ಒಂದು ಕಿತ್ತಳೆ ಕೊಂಡ. ಬಹಳ ಹೊತ್ತು ಆರಿಸಿ ಕೊಂಡ. ಸಿಪ್ಪೆ ಸುಲಿದು ಒಂದು ತೊಳೆಯನ್ನು ಕೈಯಲ್ಲಿಟ್ಟುಕೊಂಡು, ಉಳಿದ ಹಣ್ಣನ್ನು ನನ್ನ ಅಂಗೈಯಲ್ಲಿಟ್ಟ. ಆಮೇಲೆ ನನಗೆ ಬೆನ್ನು ಮಾಡಿ ನಿಂತು ತನ್ನ ತೊಳೆಯನ್ನು ಬಾಯಿಗೆ ಹಾಕಿಕೊಂಡ.

"ಈಗ ನೀವು ತಿನ್ನಿ" ಎಂದ, ತಿರುಗದೆ. "ಹೇಗಿದೆ ಹೇಳಿ."

ಅವನ ಕಾಲರು ಕಾಣುತ್ತಿತ್ತು. ಕತ್ತಿನ ಹಿಂದೆ ಹೊಸದಾಗಿ ಕತ್ತರಿಸಿದ ಕೂದಲು. ಬೆನ್ನು ಓದಲು ನನಗೆ ಬರುತ್ತಿರಲಿಲ್ಲ.

ತಿಂದೆ. ತಣ್ಣಗಿತ್ತು. ಒದ್ದೆಯಾಗಿ ಒಡೆಯಿತು. ಅಷ್ಟೇ.

ಬಸ್ಸಿನವನು ಹಾರ್ನ್ ಹಾಕಿದ. ಹೋಗುವವನು ಸಮಾಧಾನದಿಂದ ಹೋಗಲಿ ಎನ್ನಿಸಿತೋ, ಅಭ್ಯಾಸಬಲವೋ. ಬಾಯಿ ತಾನಾಗಿ ಹೇಳಿತು.

"ಸಿಹಿಯಾಗಿದೆ."

ಅವನು ಕೂಡಲೇ ತಿರುಗಲಿಲ್ಲ. ತಿರುಗಿದಾಗ ಆ ಮುಖದಲ್ಲಿ ಏನೂ ಇರಲಿಲ್ಲ. ಹುಬ್ಬು, ಕೆನ್ನೆ, ಗೆರೆ, ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು. ಅಂಥ ಮುಖ ಮಾಡಲು ಅವನಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಸಿಹೀನಾ?"

"ಹೂಂ."

"ಸರಿ ಮೇಡಂ" ಎಂದ. "ಬರ್ತೀನಿ."

ಬಸ್ಸು ಹತ್ತಿದ. ಕಿಟಕಿಯ ಹತ್ತಿರ ಕುಳಿತ. ಕೈ ಬೀಸಲಿಲ್ಲ. ಬಸ್ಸು ತಿರುಗುವಾಗ ಒಮ್ಮೆ ಕ್ಯಾಮೆರಾ ಎತ್ತಿದ, ಹಾಗೇ ಇಳಿಸಿದ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿದ್ದರು. ನನ್ನ ಕೈಯನ್ನು ನೋಡಿದರು.

"ಕಿತ್ತಳೆ ತಂದ್ಯಾ? ಬಾಗಿಲಿಗೇ ಘಮ ಅಂತು. ಸಿಹಿ ಇದೆಯಾ?"

ಒಂದು ತೊಳೆ ಬಿಡಿಸಿ ಅವರ ಬಾಯಿಗಿಟ್ಟೆ. ಅವರ ಮುಖ ನೋಡಿದೆ.

ಒಂದು ಕಣ್ಣು ಮುಚ್ಚಿತು. ಭುಜ ಕಿವಿಯವರೆಗೆ ಏರಿತು. ಇಡೀ ಮುಖ ಮುದುಡಿ ಮುಷ್ಟಿಯಷ್ಟಾಯಿತು.

"ಅಯ್ಯೋ, ಇದಕ್ಕಿಂತ ನಿಂಬೆಹಣ್ಣು ವಾಸಿ. ಹಲ್ಲೆಲ್ಲ ಜುಂ ಅಂತಿದೆ. ಯಾರೇ ನಿನಗೆ ಕೊಟ್ಟಿದ್ದು ಇದನ್ನ?"

ಆರಿಸಿ ಆರಿಸಿ ಕೊಂಡಿದ್ದ. ಸರಿಯಾದ ಉತ್ತರಗಳು ಎರಡಿದ್ದವು. ಹುಳಿ ಎನ್ನಬಹುದಿತ್ತು. ಏನೂ ಗೊತ್ತಾಗುತ್ತಿಲ್ಲ ಎನ್ನಬಹುದಿತ್ತು. ಯಾವುದನ್ನು ಹೇಳಿದ್ದರೂ ಅವನು ಚೀಲ ಕೆಳಗಿಡುತ್ತಿದ್ದ.

ಫೋನು ಕೈಗೆ ತೆಗೆದುಕೊಂಡೆ. 'ಹುಳಿ' ಎಂದು ಬರೆದೆ. ಅದು ಅತ್ತೆಯ ನಾಲಿಗೆಯದು. ಅಳಿಸಿದೆ.

ಅತ್ತೆ ತಟ್ಟೆ ಹಾಕಿ ಬಡಿಸಿದರು. ಒಲೆಯ ಕಡೆ ತಿರುಗಿದರು. ಅಲ್ಲಿಂದಲೇ ಕೇಳಿದರು.

"ಉಪ್ಪು ಸರಿಯಿದೆಯಾ?"

ಅವರ ಬೆನ್ನು ನೋಡಿದೆ.

"ಗೊತ್ತಾಗ್ತಿಲ್ಲ ಅತ್ತೆ."

ಅವರು ಒಲೆ ಆರಿಸಿದರು. ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕುಳಿತರು.

"ಉಪ್ಪೇ ಇಲ್ಲ ಕಣಮ್ಮಾ. ನನಗೆ ಬಿಪಿ ಅಂತ ಡಾಕ್ಟರು ಬಿಡಿಸಿದ ಮೇಲೆ ನಾನು ಅಡುಗೆಗೆ ಉಪ್ಪೇ ಹಾಕಿಲ್ಲ."

"ಮತ್ತೆ ದಿನಾ ಕೇಳ್ತಿದ್ರಲ್ಲ?"

"ಒಂದು ದಿನ ನೀನು ಈ ಮಾತು ಹೇಳ್ತೀಯ ಅಂತ."

 ಆಮೇಲೆ 'ಉಪ್ಪಿಗಿಂತ ರುಚಿಯಿಲ್ಲ' ಎನ್ನುವ ಗಾದೆಯನ್ನು ಅತ್ತೆ ಅರ್ಧ ಹೇಳಿ, ಪೂರ್ತಿ ಮಾಡದೆ ಬಿಟ್ಟರು.

"ಇದನ್ನ ಬೇರೆ ಯಾರಿಗಾದ್ರೂ ಹೇಳೋದಿತ್ತಾ?" ಎಂದು ಕೇಳಿದರು.

"ಇತ್ತು" ಎಂದೆ.

ಬಸ್ಸು ಆ ಹೊತ್ತಿಗೆ ಊರು ದಾಟಿರಬೇಕು.

ತಟ್ಟೆಯ ಪಕ್ಕದಲ್ಲಿದ್ದ ಕಿತ್ತಳೆಯನ್ನು ಬಿಡಿಸಿದೆ. ಉಳಿದಿದ್ದ ತೊಳೆಗಳನ್ನು ಒಂದೊಂದಾಗಿ, ನಿಧಾನವಾಗಿ ತಿಂದೆ. ಅತ್ತೆ ನನ್ನ ಮುಖ ನೋಡುತ್ತ ಕುಳಿತಿದ್ದರು.